ಲಾರಿಯ ಕೆಳಗೆ ಮಲಗಿದವಳು

ನನ್ನ ಬಲಗಾಲಿಗೆ ಒಂದು ಕೆಟ್ಟ ಚಾಳಿಯಿದೆ. ಆಟೋದಲ್ಲಿ ಕೂತರೂ, ಕಾರಿನಲ್ಲಿ ಕೂತರೂ, ಕೊನೆಗೆ ಸಿಟಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತರೂ, ಎದುರಿನ ಗಾಡಿಯ ಹಿಂದೀಪ ಕೆಂಪಗಾದ ಕೂಡಲೇ ಅದು ನನ್ನನ್ನು ಕೇಳದೆ ನೆಲವನ್ನು ಒತ್ತಿಬಿಡುತ್ತದೆ. ಮೆಟ್ರೋದಲ್ಲಿ ಮಾತ್ರ ತೆಪ್ಪಗಿರುತ್ತದೆ. ಅಲ್ಲಿ ಮುಂದೇನಿದೆ ಅಂತ ಕಾಣುವುದಿಲ್ಲವಲ್ಲ. ಮೊನ್ನೆ ಭಾನುವಾರ ಮಗಳ ಕಾರಿನಲ್ಲಿ ಅಣ್ಣಾ ನಗರದಿಂದ ಪೆರುಂಗುಡಿಗೆ ಹೋಗುವಾಗ ದಾರಿಯುದ್ದಕ್ಕೂ ಒತ್ತುತ್ತಲೇ ಇದ್ದೆನಂತೆ. ನನ್ನ ಮಗಳು ಸುಧಾಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. "ಅಮ್ಮಾ, ಅಂಗೆ ಬ್ರೇಕ್ ಇಲ್ಲೆಮ್ಮಾ," ಅಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

ಅಲ್ಲಿ ಬ್ರೇಕ್ ಇಲ್ಲ ಅನ್ನುವುದು ನನಗೂ ಗೊತ್ತು. ಬ್ರೇಕಿನ ವಿಷಯದಲ್ಲಿ ನನಗೆ ಪಾಠ ಹೇಳಬಲ್ಲವರು ಈ ಊರಿನಲ್ಲಿ ಬೇಕಾದಷ್ಟು ಜನ ಇರಬಹುದು, ನಮ್ಮ ಮನೆಯವರಲ್ಲಂತೂ ಯಾರೂ ಇಲ್ಲ. ಹೀಗೆ ಹೇಳಿಕೊಳ್ಳುವುದು ಜಂಬವೇ ಸರಿ. ಆದರೆ ಈ ಜಂಬಕ್ಕೆ ನಾನು ಏನೇನು ಕಳೆದುಕೊಂಡೆ ಅಂತ ಕೇಳಿದರೆ, ಇನ್ನೂ ಸ್ವಲ್ಪ ಕೊಚ್ಚಿಕೊಳ್ಳಲಿ ಬಿಡಿ ಪಾಪ ಅಂತ ನೀವೇ ಅನ್ನುತ್ತೀರಿ.

ಹುಟ್ಟಿದ ಮನೆಯಿಂದ ಬಂದ ವಿದ್ಯೆಯಲ್ಲ ಇದು. ನಮ್ಮ ತಂದೆಯ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ. ಇತ್ತಂತೆ, ನಾನು ಹುಟ್ಟುವ ಮೊದಲು. ಟ್ರಿಪ್ಲಿಕೇನಿನ ಸಂದಿಗಳಲ್ಲಿ ಅವರು ಬಲಗಾಲಿನ ಚಪ್ಪಲಿಯನ್ನು ರಸ್ತೆಗೆ ಉಜ್ಜಿ ಸೈಕಲ್ ನಿಲ್ಲಿಸುತ್ತಿದ್ದರು. ಹಾಗಾಗಿ ಅವರ ಎಡಚಪ್ಪಲಿ ಯಾವಾಗಲೂ ಹೊಸದು, ಬಲಚಪ್ಪಲಿ ಯಾವಾಗಲೂ ಕಾಗದದಷ್ಟು ತೆಳು. ಚಪ್ಪಲಿ ಹೊಲಿಯುವವನು ಎರಡಕ್ಕೂ ಅಟ್ಟೆ ಹಾಕಲೇ ಅಂತ ಕೇಳಿದರೆ, ಎಡಗಾಲಿನದು ಏನೂ ಕೆಲಸ ಮಾಡಿಲ್ಲ, ಅದಕ್ಕೇಕೆ ಸನ್ಮಾನ ಅನ್ನುತ್ತಿದ್ದರು. ಬೀದಿಯ ತುದಿಯಲ್ಲಿ ಚರ್ರ್ ಅಂತ ಚಪ್ಪಲಿ ಉಜ್ಜಿದ ಸದ್ದು ಕೇಳಿದೊಡನೆ ಅಮ್ಮ ಕಾಫಿಗೆ ನೀರಿಡುತ್ತಿದ್ದಳು. ಮುಂದಿನ ಕಂಬಿಯ ಮೇಲೆ ಕೂತು ಬಂದ ನನಗೆ, ಗಾಡಿ ನಿಲ್ಲುವುದೆಂದರೆ ಅಪ್ಪನ ಕಾಲು ಸವೆಯುವುದು ಎಂಬಷ್ಟೇ ತಿಳಿವಳಿಕೆ.

ನನಗೆ ಗಂಡು ನೋಡಿದಾಗ ಹುಡುಗನಿಗೆ ಸ್ವಂತ ಗಾಡಿಯಿದೆ ಅಂತ ಹೇಳಿ ಕಳಿಸಿದ್ದರು. ಅಪ್ಪ ಬೀದಿಯಲ್ಲೆಲ್ಲ ಕಾರು ಅಂತ ಹೇಳಿಕೊಂಡು ಬಂದರು. ಹೆಣ್ಣು ನೋಡಲು ಬಂದ ದಿನ ನಮ್ಮ ಸಂದಿಯೊಳಗೆ ನುಗ್ಗಲಾರದೆ ಮುಖ್ಯರಸ್ತೆಯಲ್ಲೇ ನಿಂತದ್ದು ಒಂದು ಲಾರಿ. ಪೂರ್ತಿ ದೊಡ್ಡದಲ್ಲ, ಮಧ್ಯಮ ಗಾತ್ರದ್ದು, ಆಗಲೇ ಹಳೆಯದು. ಹಿಂದೆ ಕೊಳದಪ್ಪಲೆಗಳು, ಕಡಾಯಿಗಳು, ಬಾಳೆಲೆಯ ಕಟ್ಟು. ನಮ್ಮ ಯಜಮಾನರು ಮದುವೆ, ಮುಂಜಿ, ಶ್ರಾದ್ಧಗಳಿಗೆ ಅಡುಗೆ ಕಂಟ್ರಾಕ್ಟ್ ತೆಗೆದುಕೊಳ್ಳುತ್ತಿದ್ದರು. ಮದರಾಸಿನ ಮಾಧ್ವರ ಮನೆಗಳಲ್ಲಿ ಅವರ ಕೈಯ ಹುಳಿಗೆ ಹೆಸರಿತ್ತು. ಆ ದಿನ ಹತ್ತಿರದಲ್ಲೇ ಎಲ್ಲೋ ಉಪನಯನ ಮುಗಿಸಿ, ಪಾತ್ರೆ ಸಮೇತ ನನ್ನನ್ನು ನೋಡಲು ಬಂದಿದ್ದರು. ಅಪ್ಪನ ಮುಖ ಇಳಿದುಹೋಯಿತು. ನನಗೆ ಮಾತ್ರ ಲಾರಿಯ ಕ್ಯಾಬಿನ್ನಿನ ಎತ್ತರ ನೋಡಿ, ಅಲ್ಲಿ ಕೂತರೆ ಎಲ್ಲರ ತಲೆಯೂ ಕೆಳಗೆ ಕಾಣುತ್ತದೆ ಅಂತ ಆಸೆಯಾಯಿತು. ಇಂಥ ಕಾರಣಕ್ಕೆ ಮದುವೆಯಾದವಳು ಬೇರೆ ಯಾರಾದರೂ ಇದ್ದರೆ ನನಗೆ ತಿಳಿಸಿ.

ಕೀಲ್ಪಾಕಿನಲ್ಲಿ ನಮ್ಮದು ಹಳೆಯ ಬಾಡಿಗೆ ಮನೆ. ಪಕ್ಕದ ಖಾಲಿ ಜಾಗದಲ್ಲಿ ಲಾರಿ. ಕ್ಯಾಬಿನ್ನಿನೊಳಗೆ ಇಂಗಿನ ವಾಸನೆ, ಹಿಂದೆ ತುಪ್ಪದ ವಾಸನೆ, ಕೆಳಗೆ ಗ್ರೀಸಿನ ವಾಸನೆ. ಬೇರೆ ಏನಾದರೂ ಮೆಕ್ಯಾನಿಕ್ ಕೈಗೆ ಕೊಟ್ಟಾರು, ಹಿಂದಿನ ಬ್ರೇಕು ಮಾತ್ರ ಇವರೇ ನೋಡಬೇಕು. ಸೊಂಟದ ಮಟ್ಟಕ್ಕೆ ಕುದಿಯುವ ಸಾರು ಹೊತ್ತುಕೊಂಡು ಹೋಗುವ ಗಾಡಿ, ಅದರ ಬ್ರೇಕು ಇನ್ನೊಬ್ಬನ ಕೈಯಲ್ಲಿ ಇರಬಾರದು ಅನ್ನುತ್ತಿದ್ದರು. ಬಿಡುವಿನ ದಿನ ಬೆಳಿಗ್ಗೆ ಸ್ನಾನಕ್ಕೆ ಮೊದಲು ಹಳೆ ಪಂಚೆ ಸುತ್ತಿಕೊಂಡು ಶುರುಮಾಡುವರು. ಮುಂದಿನ ಚಕ್ರಗಳಿಗೆ ಮರದ ತುಂಡು ಒತ್ತಿಟ್ಟು, ಹ್ಯಾಂಡ್ ಬ್ರೇಕ್ ಪೂರ್ತಿ ಸಡಿಲಿಸಿ, ಹಿಂದಿನ ಭಾಗವನ್ನು ಜಾಕಿ ಹಾಕಿ ಎತ್ತಿ, ಗಟ್ಟಿ ದಿಮ್ಮಿಗಳ ಮೇಲೆ ಕೂರಿಸಿ, ಕೆಳಗೆ ಗೋಣಿತಾಟು ಹಾಸಿ ಮಲಗುವರು. ಕ್ಯಾಬಿನ್ನಿನಲ್ಲಿ ನಾನು.

ಒತ್ತು ಅಂದರೆ ಪೆಡಲ್ ಒತ್ತಬೇಕು, ಬಿಡು ಅಂದರೆ ಬಿಡಬೇಕು. ಮದುವೆಯಾದ ಮೊದಲ ವರ್ಷ ನಮ್ಮಿಬ್ಬರ ನಡುವೆ ಅತಿ ಹೆಚ್ಚು ನಡೆದ ಮಾತು ಇವೆರಡೇ. ಅತ್ತೆಯಿದ್ದ ಮನೆಯಲ್ಲಿ ಹಗಲು ಹೊತ್ತು ಗಂಡ ಹೆಂಡತಿ ಮಾತಾಡಲು ಬೇರೆ ನೆಪವೇ ಇರಲಿಲ್ಲ. ಆ ಧ್ವನಿ ಕಾಲಕೆಳಗಿನ ತಗಡನ್ನು ಹಾದು ಬರುತ್ತಿತ್ತು. ಅದನ್ನು ಕೇಳಲಿಕ್ಕೆಂದೇ ನಾನು ಕೆಲವು ಸಲ ಬೇಕೆಂದೇ ತಡವಾಗಿ ಬಿಡುತ್ತಿದ್ದೆ. ಆಗ ಅವರು, ಏನೇ, ನಿದ್ದೆ ಬಂತಾ ಅನ್ನುವರು. ಪ್ರೀತಿಯ ಮಾತು ಅಂದರೆ ನಮ್ಮಲ್ಲಿ ಅದು.

ಆಮೇಲೆ ಅವರ ಸೊಂಟ ಹಿಡಿದುಕೊಂಡಿತು. ದೊಡ್ಡ ಪಾತ್ರೆ ಎತ್ತಿ ಎತ್ತಿ ಬೆನ್ನುಮೂಳೆ ಜಾರಿ, ನೆಲದ ಮೇಲೆ ಮಲಗಿದರೆ ಏಳಲಾರದ ಹಾಗಾಯಿತು. ಡಾಕ್ಟರು ಬೇಡವೆಂದರು. ಬ್ರೇಕನ್ನು ಇನ್ನೊಬ್ಬನಿಗೆ ಕೊಡಲು ಅವರಿಗೆ ಮನಸ್ಸಿಲ್ಲ. ಒಂದು ಬೆಳಿಗ್ಗೆ ನಾನೇ ಸೀರೆಯನ್ನು ಕಚ್ಚೆ ಕಟ್ಟಿಕೊಂಡು ಗೋಣಿತಾಟಿನ ಮೇಲೆ ಮಲಗಿದೆ. ಅವರು ಕ್ಯಾಬಿನ್ನಿನಲ್ಲಿ ಕೂತು ಪೆಡಲ್ ಮೇಲೆ ಕಾಲಿಟ್ಟರು. ಈಗ ಒತ್ತು, ಬಿಡು ಅಂತ ಕೂಗುವವಳು ನಾನು. ಗಂಡನಿಗೆ ಏಕವಚನದಲ್ಲಿ ಅಪ್ಪಣೆ ಕೊಡುವ ಭಾಗ್ಯ ನನಗೆ ಲಾರಿಯ ಕೆಳಗೆ ಸಿಕ್ಕಿತು. ಎದುರು ಮನೆಯ ಮಹಡಿಯಿಂದ ಹೆಂಗಸರು ನೋಡಿ ನಗುತ್ತಿದ್ದರು. ಅತ್ತೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಕೆಲಸ ಏನೂ ಬ್ರಹ್ಮವಿದ್ಯೆಯಲ್ಲ. ಹಿಂದಿನ ಚಕ್ರದೊಳಗೆ ಒಂದು ಕಬ್ಬಿಣದ ಡ್ರಮ್ಮು, ಅದರೊಳಗೆ ಬಾಗಿದ ಎರಡು ಶೂಗಳು. ಪೆಡಲ್ ಒತ್ತಿದರೆ ಶೂಗಳು ಅಗಲವಾಗಿ ಡ್ರಮ್ಮನ್ನು ತಬ್ಬಿ ಹಿಡಿಯುತ್ತವೆ. ಉಜ್ಜಿ ಉಜ್ಜಿ ಶೂ ಸವೆದಂತೆ ನಡುವೆ ಸಂದು ಬೀಳುತ್ತದೆ. ಹಿಂಬದಿಯ ತಗಡಿನಲ್ಲಿ ರಬ್ಬರ್ ಬಿರಡೆ ಹಾಕಿದ ಒಂದು ತೂತಿದೆ. ಅದರೊಳಗೆ ತಿರುಪುಳಿ ತೂರಿಸಿ ಹಲ್ಲಿನ ಪುಟ್ಟ ಚಕ್ರವೊಂದನ್ನು ತಿರುಗಿಸಿದರೆ ಶೂ ಹೊರಗೆ ಸರಿಯುತ್ತದೆ. ಒಂದು ಕೈಯಲ್ಲಿ ಚಕ್ರ ತಿರುಗಿಸಿ ನೋಡುತ್ತಿರಬೇಕು. ಸರ್ ಅಂತ ಶೂ ಉಜ್ಜುವ ಸದ್ದು ಬಂದಾಗ ಸ್ವಲ್ಪ ಹಿಂದಕ್ಕೆ ಬಿಡಬೇಕು. ಪೆಡಲ್ ಒತ್ತಿಸಿ, ಬಿಡಿಸಿ, ಮತ್ತೆ ನೋಡಬೇಕು. ಎರಡೂ ಚಕ್ರ ಒಂದೇ ಹದಕ್ಕೆ ಬರಬೇಕು. ಅದೆಲ್ಲ ಆದಮೇಲೆ ಕಟ್ಟಕಡೆಗೆ ಹ್ಯಾಂಡ್ ಬ್ರೇಕಿನ ಕೇಬಲ್ಲು. ಮೊದಲು ಶೂ, ಆಮೇಲೆ ಕೇಬಲ್. ಇದನ್ನು ನಮ್ಮ ಯಜಮಾನರು, ಸಂಧ್ಯಾವಂದನೆಯಲ್ಲಿ ಮೊದಲು ಆಚಮನ ಅನ್ನುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು. ಯಾಕೆಂದರೆ ಸೋಮಾರಿಗಳು ಮಾಡುವುದು ಇದರ ಉಲ್ಟಾ. ಶೂ ಸವೆದಿದ್ದರೆ ಹ್ಯಾಂಡ್ ಬ್ರೇಕಿನ ಹಿಡಿ ಮೇಲೆ ಮೇಲೆ ಬರುತ್ತದೆ. ಆಗ ಚಕ್ರ ಬಿಚ್ಚುವ ಗೋಜಿಲ್ಲದೆ ಕೇಬಲ್ಲಿನ ನಟ್ಟನ್ನೇ ಬಿಗಿಸಿಬಿಟ್ಟರೆ ಹಿಡಿ ಗಟ್ಟಿಯಾಗಿ ಕೂರುತ್ತದೆ, ಕೈಗೆ ಭಲೇ ಅನ್ನಿಸುತ್ತದೆ. ಆದರೆ ಗಾಡಿ ಓಡುವಾಗಲೂ ಶೂ ಡ್ರಮ್ಮಿಗೆ ತಗುಲಿಕೊಂಡೇ ಇರುತ್ತದೆ. ಕಾಯುತ್ತದೆ, ಸೀಯುತ್ತದೆ, ಸವೆಯುತ್ತದೆ. ಸದಾ ಎಳೆದುಕೊಂಡೇ ಇರುವ ಕೇಬಲ್ಲು ಒಂದು ದಿನ ಎಳೆ ಬಿಡುತ್ತದೆ.

ಇಷ್ಟನ್ನು ನೀವು ತಾಳ್ಮೆಯಿಂದ ಕೇಳಿದಿರಿ. ಕೇಳಬೇಕಾದವರು ಕೇಳಲಿಲ್ಲ.

ಸುಧಾ ಹೈಸ್ಕೂಲಿನಲ್ಲಿದ್ದಾಗ ಇವರು ಹೋಗಿಬಿಟ್ಟರು. ಬೆಳಿಗ್ಗೆ ಹಾಲು ತರಲು ಹೋದವರು ಬೀದಿಯ ತಿರುವಿನಲ್ಲಿ ಕೂತರು, ಏಳಲಿಲ್ಲ. ವೈಕುಂಠಸಮಾರಾಧನೆಯ ಮರುದಿನವೇ ಮೊದಲೇ ಒಪ್ಪಿಕೊಂಡಿದ್ದ ಒಂದು ಮದುವೆಯ ಅಡುಗೆಯಿತ್ತು. ಹೆಣ್ಣಿನ ತಂದೆ ಬಂದು ಬಾಗಿಲಲ್ಲಿ ನಿಂತು, ಏನು ಕೇಳಬೇಕೋ ತಿಳಿಯದೆ ಅತ್ತರು. ಆ ಅಡುಗೆ ನಾನು ನಡೆಸಿಕೊಟ್ಟೆ. ನಡೆಸಿಕೊಟ್ಟೆ ಅನ್ನುವುದು ದೊಡ್ಡ ಮಾತು. ನಡೆಸಿದ್ದು ನಮ್ಮ ಮುಖ್ಯ ಅಡುಗೆಯವರಾದ ಪದ್ಮನಾಭ, ನಮಗೆಲ್ಲ ಪದ್ದಣ್ಣ. ಇವರ ಜೊತೆಯಲ್ಲೇ ಕೆಲಸ ಕಲಿತವರು, ಮಾತು ಕಡಿಮೆ, ಉಪ್ಪು ಸರಿಯಾಗಿ. ಆಮೇಲಿನ ತಿಂಗಳುಗಳೂ ಹಾಗೇ ಉರುಳಿದವು. ಪದ್ದಣ್ಣ ಒಲೆ ನೋಡಿಕೊಂಡರು, ನಾನು ಮಿಕ್ಕದ್ದು. ಲಾರಿಯ ಬ್ರೇಕೂ ನಾನೇ. ನಾನು ಕೆಳಗೆ ಮಲಗಿದರೆ ಪದ್ದಣ್ಣ ಕ್ಯಾಬಿನ್ನಿನಲ್ಲಿ ಕೂತು ಪೆಡಲ್ ಒತ್ತುವರು. ಅವರಿಗೆ ಮಾತ್ರ ನಾನು ಬಹುವಚನದಲ್ಲೇ ಕೂಗುತ್ತಿದ್ದೆ. ಒತ್ತಿ ಪದ್ದಣ್ಣ, ಬಿಡಿ ಪದ್ದಣ್ಣ. ಅವರು ತಪ್ಪದೆ, ಸರೀಮ್ಮಾ ಅನ್ನುವರು.

ಆಗ ಬಂದದ್ದು ವೇಣು, ನನ್ನ ಮೈದುನ. ಯಾವುದೋ ಕಂಪನಿಯಲ್ಲಿ ಮಾರಾಟದ ವಿಭಾಗದಲ್ಲಿದ್ದು, ಅದನ್ನು ಬಿಟ್ಟು, ಅಣ್ಣನ ಹೆಸರು ಉಳಿಸಬೇಕು ಅಂತ ಬಂದ. ಅವನನ್ನು ಕೆಟ್ಟವನು ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು, ಆದರೆ ಕೆಟ್ಟವರ ಹಾಗೆ ಅವನು ಎಂದೂ ನಡೆದುಕೊಳ್ಳಲಿಲ್ಲ. ಧ್ವನಿ ಏರಿಸುವವನಲ್ಲ. ಬಂದಾಗೆಲ್ಲ ಸುಧಾಳಿಗೆ ಐಸ್‌ಕ್ರೀಮು, ತನ್ನ ಅಮ್ಮನಿಗೆ ಮೊಣಕಾಲಿನ ಎಣ್ಣೆ, ನನಗೆ ನಗು. ಅವನಿಗೆ ಸಹಿಸಲಾಗದ್ದು ಒಂದೇ: ನಾನು ಲಾರಿಯ ಕೆಳಗೆ ಮಲಗುವುದು. ದೊಡ್ಡ ಮನೆಯವರೆಲ್ಲ ಮಡಿ ಅಡುಗೆ ಅಂತ ನಮ್ಮನ್ನು ಕರೆಯುತ್ತಾರೆ, ಅತ್ತಿಗೆ ಗ್ರೀಸ್ ಕೈಯಲ್ಲಿ ಓಡಾಡಿದರೆ ಏನಂದುಕೊಂಡಾರು ಅಂತ ಅತ್ತೆಯ ಮುಂದೆ ಮೆಲ್ಲಗೆ ಹೇಳಿದ. ಅತ್ತೆ ಎಷ್ಟೋ ವರ್ಷದಿಂದ ಮುಚ್ಚಿಕೊಂಡೇ ಇದ್ದ ಕಿಟಕಿಯನ್ನು ನೆನೆಸಿಕೊಂಡು ಕಣ್ಣೊರೆಸಿಕೊಂಡರು.

"ಅತ್ತಿಗೆ, ನೀವು ಒಗ್ಗರಣೆ ನೋಡ್ಕೊಳ್ಳಿ. ಗಾಡಿ ನಾನು ನೋಡ್ಕೋತೀನಿ," ಅಂದ ವೇಣು.

ಅವನು ನೋಡಿಕೊಂಡ ರೀತಿ ಹೀಗೆ. ಕೆಲವು ತಿಂಗಳಾದ ಮೇಲೆ ಲಾರಿಯ ಡ್ರೈವರು ಬಂದು ಹ್ಯಾಂಡ್ ಬ್ರೇಕಿನ ಹಿಡಿ ತುಂಬ ಮೇಲೆ ಬರುತ್ತಿದೆ ಅಂದ. ಶೂ ಸವೆದಿದೆ, ಹೊಂದಿಸಬೇಕು ಅಂತ ನಾನು ಅಡುಗೆಮನೆಯಿಂದಲೇ ಹೇಳಿದೆ. ವೇಣು ಲಾರಿಯನ್ನು ಬೀದಿಯಂಚಿನ ಒಂದು ಮೆಕ್ಯಾನಿಕ್ ಅಂಗಡಿಗೆ ಕಳಿಸಿ, ಹೊತ್ತಾಗುತ್ತದೆ, ಸಂಜೆ ನಿಶ್ಚಿತಾರ್ಥಕ್ಕೆ ಹೋಗಬೇಕು, ಕೇಬಲ್ ಮಾತ್ರ ಬಿಗಿಸಿ ಕಳಿಸು ಅಂದನಂತೆ. ಲಾರಿ ಹಿಂದಿರುಗಿದಾಗ ನಾನು ಕ್ಯಾಬಿನ್ ಹತ್ತಿ ಹಿಡಿ ಎಳೆದು ನೋಡಿದೆ. ಏಳುವ ಮೊದಲೇ ಗಟ್ಟಿಯಾಗಿ ನಿಂತುಬಿಟ್ಟಿತು. ಅಷ್ಟು ಗಟ್ಟಿ ಇರಬಾರದು. ಮಾರನೆಯ ದಿನ ಗಾಡಿ ಮನೆಗೆ ಬಂದಾಗ ಹಿಂದಿನಿಂದ ಕೂದಲು ಸೀದ ಹಾಗೆ ವಾಸನೆ. ಕೈ ಹತ್ತಿರ ಒಯ್ದರೆ ಡ್ರಮ್ಮಿನ ಝಳ ಹೊಡೆಯುತ್ತಿತ್ತು. ವೇಣುವಿಗೆ ತೋರಿಸಿದೆ. ಅವನು ನಕ್ಕು, ಮದರಾಸಿನ ಮೇ ತಿಂಗಳಲ್ಲಿ ಯಾವುದು ಕಾದಿಲ್ಲ ಹೇಳಿ ಅತ್ತಿಗೆ ಅಂದ. ಪಕ್ಕದಲ್ಲಿದ್ದವರೂ ನಕ್ಕರು. ಚೆನ್ನಾಗಿಯೇ ಹೇಳಿದ್ದ, ನನಗೂ ತುಟಿ ಅಲುಗಿತು. ಆ ನಗುವನ್ನು ಈಗಲೂ ನಾನು ವಾಪಸು ತೆಗೆದುಕೊಳ್ಳಲಾರದೆ ಇದ್ದೇನೆ.

ಅದಾಗಿ ಕೆಲವು ವಾರಕ್ಕೆ ಅಣ್ಣಾ ನಗರದ ಒಂದು ಕಲ್ಯಾಣಮಂಟಪದಲ್ಲಿ ಮದುವೆ. ಅಲ್ಲಿ ಅಡುಗೆಮನೆ ನೆಲಮಾಳಿಗೆಯಲ್ಲಿದೆ. ಲಾರಿ ಇಳಿಜಾರಿನಲ್ಲಿ ಹಿಂದಕ್ಕೆ ಇಳಿದು ನಿಂತು ಪಾತ್ರೆ ಇಳಿಸಬೇಕು. ಇವರ ಕಾಲದಲ್ಲಿ ಅಲ್ಲಿ ನಿಲ್ಲಿಸಿದರೆ ಚಕ್ರದ ಹಿಂದೆ ಮರದ ತುಂಡು ಇಡದೆ ಯಾರೂ ಹಿಂಬಾಗಿಲು ತೆಗೆಯುವಂತಿರಲಿಲ್ಲ. ಆ ತುಂಡುಗಳು ಜಾಗ ಹಿಡಿಯುತ್ತವೆ ಅಂತ ವೇಣು ಮನೆಯಲ್ಲೇ ಬಿಡಿಸಿದ್ದ. ನಾನು ಒಳಗೆ ಹೆಂಗಸರ ಜೊತೆ ಬೂದುಗುಂಬಳ ಹೆಚ್ಚುತ್ತಿದ್ದೆ. ಕೊಳದಪ್ಪಲೆಗಳು ಒಂದರ ಮೇಲೊಂದು ಉರುಳುವ ಸದ್ದು ಬಂತು. ಅಡುಗೆಯವರಿಗೆ ಆ ಸದ್ದು ಹೊಸದೇನಲ್ಲ. ಆಮೇಲೆ ಯಾರೋ ತಮಿಳಿನಲ್ಲಿ ಪಿಡಿ, ಪಿಡಿ ಅಂತ ಕೂಗಿದರು. ಓಡಿಹೋಗಿ ನೋಡಿದಾಗ ಲಾರಿ ಹಿಂದಿನ ಗೋಡೆಗೆ ಒರಗಿ ನಿಂತಿತ್ತು. ನಡುವೆ ಪದ್ದಣ್ಣ. ಅವರು ಕೂಗುತ್ತಿರಲಿಲ್ಲ. ತುಪ್ಪದ ಡಬ್ಬಿಯೊಂದು ಬೀಳದ ಹಾಗೆ ಎರಡು ಕೈಯಲ್ಲೂ ಎತ್ತಿ ಹಿಡಿದುಕೊಂಡಿದ್ದರು. ನಾನು ಹೋಗಿ ಅದನ್ನು ಈಸಿಕೊಂಡ ಮೇಲೆ ತಲೆ ವಾಲಿಸಿದರು.

ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಮದುವೆ ನಡೆಯಿತು. ಇನ್ನೊಂದು ಹೋಟೆಲಿನಿಂದ ಊಟ ತರಿಸಿದರು. ಪೊಲೀಸಿನವರು ಬಂದು, ಹಳೆ ಗಾಡಿ, ಬ್ರೇಕ್ ಕೆಟ್ಟಿದೆ ಅಂತ ಬರೆದುಕೊಂಡು ಹೋದರು. ಚಕ್ರ ಬಿಚ್ಚಿದಾಗ ತೆಗೆದ ಶೂಗಳನ್ನು ಯಾರೋ ತಂದು ನಮ್ಮ ಮನೆಯ ಪಕ್ಕದಲ್ಲಿ ಎಸೆದಿದ್ದರು. ನಾನು ಎತ್ತಿ ನೋಡಿದೆ. ಡ್ರಮ್ಮಿಗೆ ಉಜ್ಜುವ ಮೇಲಿನ ಪದರ, ಲೈನಿಂಗ್, ಕರಕಲಾಗಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಹಾಗಾದ ಶೂ ಡ್ರಮ್ಮನ್ನು ಹಿಡಿಯದೆ ಜಾರುತ್ತದೆ. ಹೊಂದಿಸಿದ ಬ್ರೇಕು ಹಾಗೆ ಸೀಯುವುದಿಲ್ಲ. ಕೇಬಲ್ಲಿನಿಂದ ತಗುಲಿಕೊಂಡೇ ಓಡಿದ್ದಕ್ಕೆ ಅದೇ ಸಾಕ್ಷಿ. ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಅತ್ತೆಗೆ ತೋರಿಸಿದೆ. ಅವರು ಅದನ್ನು ಮುಟ್ಟದೆ, ಮನೆಯೊಳಗೆ ಯಾಕೆ ತಂದೆ ಅದನ್ನ, ಕೈ ತೊಳ್ಕೋ ಅಂದರು.

ಒಂದು ಭಾನುವಾರ ಎಲ್ಲರೂ ನಮ್ಮ ಕೀಲ್ಪಾಕ್ ಮನೆಯ ನಡುಮನೆಯಲ್ಲಿ ಕೂತರು. ಅತ್ತೆ, ಅವರ ತಮ್ಮಂದಿರು, ವೇಣು, ನಾನು. ವೇಣು ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಅತ್ತಿಗೆಯನ್ನು ಯಾರೂ ಏನೂ ಅನ್ನಬಾರದು ಅಂತಲೇ ಶುರುಮಾಡಿದ. ಅಣ್ಣ ಹೋದಮೇಲೆ ಪಾಪ ಎಲ್ಲವನ್ನೂ ತಾವೇ ಮಾಡಬೇಕು ಅಂತ ಹೊರಟರು, ಬ್ರೇಕನ್ನೂ ತಾವೇ ಬಿಚ್ಚಿ ಹಾಕಿದರು, ಏನೋ ಹೆಚ್ಚು ಕಡಿಮೆ ಆಗಿರಬಹುದು, ಬೇಕು ಅಂತ ಮಾಡಿದ್ದಲ್ಲವಲ್ಲ ಅಂದ. ನಾನು ಎದ್ದು ನಿಂತು ಹೇಳಲು ಹೊರಟೆ. ಶೂ, ಡ್ರಮ್ಮು, ಹಲ್ಲಿನ ಚಕ್ರ, ಅಂಗಡಿಯಲ್ಲಿ ಬಿಗಿಸಿದ ಕೇಬಲ್ಲು, ಮೊದಲು ಯಾವುದು, ಆಮೇಲೆ ಯಾವುದು. ಹೇಳುತ್ತಾ ಹೋದಂತೆ ಎದುರಿನ ಮುಖಗಳು ಬದಲಾಗುವುದು ನನಗೇ ಕಾಣುತ್ತಿತ್ತು. ಇವಳಿಗೆ ಇಷ್ಟೆಲ್ಲ ಗೊತ್ತಿದೆ ಅಂದಮೇಲೆ ಕೈ ಹಾಕಿದವಳು ಇವಳೇ. ವೇಣುವಿಗೆ ಬ್ರೇಕಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಆದ್ದರಿಂದ ಅವನು ನಿರಪರಾಧಿ. ನಾನು ಹೆಚ್ಚು ವಿವರಿಸಿದಷ್ಟೂ ಹೆಚ್ಚು ಒಪ್ಪಿಕೊಂಡ ಹಾಗಾಗುತ್ತಿತ್ತು.

ಆಗ ಅತ್ತೆಯ ತಮ್ಮ ಸುಧಾಳನ್ನು ಕರೆದು, ಅಮ್ಮ ಲಾರಿ ಕೆಳಗೆ ಹೋಗ್ತಿದ್ದಳೇನಮ್ಮ ಅಂತ ಕೇಳಿದರು. ಸುಧಾ ನನ್ನ ಕಡೆ ನೋಡಿ ನಕ್ಕಳು.

"ಆಮಾ ತಾತಾ. ಅಮ್ಮಾದಾನ್ ಎಲ್ಲಾಂ ಪಣ್ಣುವಾ," ಅಂದಳು. ಹೌದು ತಾತ, ಎಲ್ಲ ಅಮ್ಮನೇ ಮಾಡೋದು.

ಹೆಮ್ಮೆಯಿಂದ ಹೇಳಿದಳು, ಅದು ಗೊತ್ತು ನನಗೆ. ತನ್ನ ತರಗತಿಯಲ್ಲಿ ಯಾರ ಅಮ್ಮನೂ ಮಾಡದ ಕೆಲಸ. ಅಷ್ಟು ಹೆಮ್ಮೆಯಿಂದ ಅವಳು ನನ್ನ ಬಗ್ಗೆ ಆಮೇಲೆ ಮಾತಾಡಿದ ನೆನಪಿಲ್ಲ. ನಾನು ಕೂತುಕೊಂಡೆ. ಡ್ರೈವರೂ ಮೆಕ್ಯಾನಿಕ್ಕೂ ವೇಣುವಿನ ಕಡೆಯವರು, ನನಗಾಗಿ ಬಾಯಿ ಬಿಡುವವರಲ್ಲ. ಇನ್ನು ಉಳಿದಿದ್ದವರು ಒಬ್ಬರೇ. ಕೇಬಲ್ ಬಿಗಿಸಿದ ದಿನ ಸಾಮಾನು ತರಲು ಪದ್ದಣ್ಣನೂ ಅದೇ ಲಾರಿಯಲ್ಲಿ ಹೋಗಿದ್ದರು. ಆಸ್ಪತ್ರೆಗೆ ಹೋದಾಗೆಲ್ಲ ಅವರೇ ಹೇಳಲಿ ಅಂತ ಕಾದೆ. ಅವರು ಮೇಲಿನ ಫ್ಯಾನು ನೋಡುತ್ತಾ, ವೇಣು ಬಹಳ ಓಡಾಡುತ್ತಿದ್ದಾನೆ ಅಂತಷ್ಟೇ ಹೇಳಿದರು. ಕಾಲು ಕಳೆದುಕೊಂಡು ಮಲಗಿದವರನ್ನು, ನನ್ನ ಪರವಾಗಿ ಮಾತಾಡಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಲಾರಿ ಗುಜರಿಗೆ ಹೋಯಿತು. ವ್ಯಾಪಾರ ವೇಣುವಿನದಾಯಿತು. ನಾನೂ ಸುಧಾಳೂ ಅಣ್ಣಾ ನಗರದಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಹತ್ತಿರದ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿ ಸೇರಿ, ಅಲ್ಲೇ ನಿವೃತ್ತಳಾದೆ. ಅಲ್ಲಿ ಕೆಟ್ಟ ಫ್ಯಾನಿನ ಕಡೆ ನೋಡುವಾಗಲೂ ಕೈ ಕಟ್ಟಿಕೊಂಡೇ ನೋಡುತ್ತಿದ್ದೆ. ಗೊತ್ತಿದೆ ಅಂತ ತೋರಿಸಿಕೊಳ್ಳುವ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಹಬ್ಬಕ್ಕೆ ವೇಣು ತಪ್ಪದೆ ಸಿಹಿ ಕಳಿಸುತ್ತಾನೆ. ಸುಧಾಳಿಗೆ ಚಿಕ್ಕಪ್ಪ ಅಂದರೆ, ಅವಳ ತಮಿಳಿನಲ್ಲಿ ಚಿತ್ತಪ್ಪ ಅಂದರೆ, ಪ್ರಾಣ.

ಮೊನ್ನೆ ನಾವು ಹೊರಟಿದ್ದು ಅವನಲ್ಲಿಗೇ. ಪೆರುಂಗುಡಿಯಲ್ಲಿ ಆಫೀಸುಗಳಿಗೆಲ್ಲ ಮಧ್ಯಾಹ್ನದ ಊಟ ಕಳಿಸುವ ದೊಡ್ಡ ಅಡುಗೆಮನೆ ಕಟ್ಟಿಸಿದ್ದಾನೆ, ಅದರ ಪ್ರಾರಂಭೋತ್ಸವ. ಬರಲಾರೆ ಅಂದೆ. ಸುಧಾ ಮುಖ ಸಣ್ಣದು ಮಾಡಿಕೊಂಡಳು. ಅವಳಿಗೆ ಈಗ ಉಳಿದಿರುವ ತಂದೆಯ ಕಡೆಯ ಬಂಧು ಅವನೊಬ್ಬನೇ. ಹೊರಟೆ.

ಬಾಗಿಲಲ್ಲೇ ವೇಣು ಕಾಲಿಗೆ ನಮಸ್ಕಾರ ಮಾಡಿದ. ಕೂದಲೆಲ್ಲ ಬೆಳ್ಳಗಾಗಿ ಪಕ್ಕದಿಂದ ನೋಡಿದರೆ ಇವರ ಹಾಗೇ ಕಾಣುತ್ತಿದ್ದ. ಅದೊಂದು ನನಗೆ ಬೇಡವಾಗಿತ್ತು. ದೀಪ ಹಚ್ಚುವ ಮುನ್ನ ನಾಲ್ಕು ಮಾತಾಡಿದ, ಅರ್ಧ ತಮಿಳು, ಅರ್ಧ ಇಂಗ್ಲಿಷು, ನಮ್ಮವರಿಗೆಂದು ಸ್ವಲ್ಪ ಕನ್ನಡ. ಅಣ್ಣನ ಹಳೆ ಲಾರಿಯ ಕತೆ ಹೇಳಿದ. ಅಣ್ಣ ಹೋದಮೇಲೆ ಅತ್ತಿಗೆಯೇ ಲಾರಿ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದರು, ಒಂದು ದಿನ ಬ್ರೇಕು ಹೋಗಿ ದೊಡ್ಡ ಅನಾಹುತವೇ ಆಯಿತು, ಎಲ್ಲವನ್ನೂ ತಿಳಿದವರ ಕೈಗೆ ಕೊಡಬೇಕು ಅನ್ನುವ ಪಾಠ ಆವತ್ತು ಕಲಿತೆ ಅಂದ. ಆಫೀಸಿನವರು ಚಪ್ಪಾಳೆ ತಟ್ಟಿದರು. ಒಂದಿಬ್ಬರು ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ನಕ್ಕರು. ಆಮೇಲೆ, ಮನೆಗೆ ಹಿರಿಯರು, ಅತ್ತಿಗೆಯೇ ದೀಪ ಹಚ್ಚಬೇಕು ಅಂದ. ಹೋಗಿ ಹಚ್ಚಿದೆ. ಬತ್ತಿಗಳು ಒಂದೇ ಸಲಕ್ಕೆ ಹೊತ್ತಿಕೊಂಡವು.

ಒಳಗೆ ಉಗ್ರಾಣದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪದ್ದಣ್ಣ ಕೂತಿದ್ದರು. ಪಂಚೆಯ ಕೆಳಗೆ ಕೃತಕ ಕಾಲಿನ ತುದಿ ಕಾಣುತ್ತಿತ್ತು. ಈಗ ಉಗ್ರಾಣದ ಯಜಮಾನಿಕೆ ಅವರದು, ಮಗ ಇಲ್ಲೇ ಮುಖ್ಯ ಅಡುಗೆಯವನು. ಏಳಲು ಹೋದರು, ಬೇಡವೆಂದು ಪಕ್ಕದ ಅಕ್ಕಿ ಮೂಟೆಯ ಮೇಲೆ ಕೂತೆ. ಆರೋಗ್ಯ, ಮಳೆ, ಸೊಸೆ ಎಲ್ಲ ಆಯಿತು. ಹೊರಗೆ ಇನ್ನೂ ಮೈಕಿನ ಸದ್ದು ಬರುತ್ತಿತ್ತು. ಪದ್ದಣ್ಣ ನನ್ನ ಮುಖ ನೋಡದೆ ಹೇಳಿದರು.

"ನಿಮ್ಮ ಕೆಲಸ ಸರಿಯಾಗೇ ಇತ್ತಮ್ಮ. ಪೆಡಲ್ ಒತ್ತಿದೋನು ನಾನೇ ಅಲ್ಲವಾ. ಆಮೇಲೆ ಆ ಅಂಗಡೀಲಿ ಬರೀ ಕೇಬಲ್ ಬಿಗಿಸಿದಾಗ್ಲೂ ನಾನು ಪಕ್ಕದಲ್ಲೇ ನಿಂತಿದ್ದೆ."

ಇಷ್ಟು ವರ್ಷ ಕಾದ ಮಾತು. ಬಂದಾಗ ಅದನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮತ್ತೆ ಆಗ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಕಾಲಿಲ್ಲದ ಅಡುಗೆಯವನನ್ನ ಯಾರಮ್ಮ ಇಟ್ಕೋತಾರೆ?" ಅಂದರು ಪದ್ದಣ್ಣ. "ಅವರು ಇಟ್ಕೊಂಡ್ರು. ನಾನು ನಿಮ್ಮ ಕಡೆ ಮಾತಾಡಿದ್ರೆ ನೀವು ಇಟ್ಕೊಳ್ಳೋ ಹಾಗಿದ್ರಾ?"

ಕೇಳುವ ರೀತಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಅಕ್ಕಿ ಎಷ್ಟು ಬೇಕು ಅಂತ ಕೇಳುವಾಗಲೂ ಅವರು ಹಾಗೇ ಕೇಳುತ್ತಿದ್ದರು. ಇಟ್ಟುಕೊಳ್ಳುವ ಹಾಗಿರಲಿಲ್ಲ. ಆಗ ನನ್ನ ಹತ್ತಿರ ನನಗೇ ಕೆಲಸವಿರಲಿಲ್ಲ. ಅವರು ಬಡಿಸುವವರನ್ನು ಕರೆದು, ಅಮ್ಮನಿಗೆ ಫ್ಯಾನ್ ಕೆಳಗೆ ಎಲೆ ಹಾಕಿ ಅಂತ ತಮಿಳಿನಲ್ಲಿ ಹೇಳಿದರು.

ಎಲೆಯ ಮುಂದೆ ಸುಧಾ ಬಂದು ಪಕ್ಕದಲ್ಲಿ ಕೂತಳು. ಪದ್ದಣ್ಣ ಹೀಗೆಂದರು ಅಂತ ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಂಡು, ಎಲೆಗೆ ನೀರು ಚಿಮುಕಿಸಿ ಒರೆಸುತ್ತಾ, "ಸರಿಮ್ಮಾ. ಅದು ಇಪ್ಪೊ ಎದುಕ್ಕು?" ಅಂದಳು. ಈಗ ಯಾಕೆ ಅದು ಅಂತ. ಒರಟಾಗಿ ಅಲ್ಲ, ಅಕ್ಕರೆಯಿಂದಲೇ. ತನ್ನ ಎಲೆಯ ಹಪ್ಪಳವನ್ನು ನನ್ನ ಎಲೆಗೆ ಹಾಕಿದಳು. ನನಗೆ ಹಪ್ಪಳ ಇಷ್ಟ ಅಂತ ಅವಳಿಗೆ ನೆನಪಿದೆ.

ಅನ್ನ ಬಂತು, ಹುಳಿ ಬಂತು. ಪದ್ದಣ್ಣನ ಮಗನ ಕೈಯದು. ಅವನಿಗೆ ಕಲಿಸಿದವರು ಪದ್ದಣ್ಣ, ಪದ್ದಣ್ಣನಿಗೆ ಕಲಿಸಿದವರು ನಮ್ಮ ಯಜಮಾನರು. ಮೊದಲ ತುತ್ತಿಗೇ ಗೊತ್ತಾಯಿತು. ಉಪ್ಪು, ಹುಳಿ, ಇಂಗು ಯಾವುದೂ ಒಂದು ಕೂದಲೆಳೆ ಆಚೀಚೆ ಇರಲಿಲ್ಲ. ಎಲ್ಲಾದರೂ ಒಂದು ಕೊರತೆ ಸಿಗುತ್ತದೇನೋ ಅಂತ ಎರಡನೇ ಸಲವೂ ಹಾಕಿಸಿಕೊಂಡೆ. ವೇಣುವಿನ ಭಾಷಣವನ್ನು ತಡೆದುಕೊಂಡೆ, ಪದ್ದಣ್ಣನ ಉತ್ತರವನ್ನೂ ತಡೆದುಕೊಂಡೆ. ಆ ಹುಳಿ ಅಷ್ಟು ಚೆನ್ನಾಗಿದ್ದುದನ್ನು ಮಾತ್ರ ಇನ್ನೂ ತಡೆದುಕೊಳ್ಳಲು ಆಗಿಲ್ಲ.